ಅಳಿದ ಧ್ವನಿ, ಉಳಿದ ಮಾತ್ರೆ

ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ನಮಗೆ ಫರ್ಡಿನಾಂಡ್ ದ ಸೊಸ್ಯೂರ್ ಪರಿಚಯವಾದದ್ದು ಸೂಚಕ–ಸೂಚಿತಗಳ ಸಿದ್ಧಾಂತಕಾರನಾಗಿ. ಆ ಉಪನ್ಯಾಸಗಳು ಪುಸ್ತಕವಾದದ್ದು 1916ರಲ್ಲಿ, ಅವನು ತೀರಿಕೊಂಡ ಮೂರು ವರ್ಷಗಳ ಅನಂತರ. ಆದರೆ 1878ರ ಡಿಸೆಂಬರಿನಲ್ಲಿ, ಲೈಪ್‌ಝಿಗ್‌ನಲ್ಲಿ, ಇಪ್ಪತ್ತೊಂದರ ಹರೆಯದಲ್ಲೇ ಅವನು ಇಂಡೋ-ಯುರೋಪಿಯನ್ ಮೂಲಭಾಷೆಯ ಸ್ವರವ್ಯವಸ್ಥೆಯನ್ನು ಕುರಿತು ಒಂದು ಗ್ರಂಥ ಪ್ರಕಟಿಸಿದ್ದನೆಂಬುದನ್ನು ನಾನು ತಿಳಿದದ್ದು ಬಹಳ ತಡವಾಗಿ. ಅದರ ಮುಖ್ಯ ವಾದಗಳಲ್ಲೊಂದಕ್ಕೆ ಬೇಕಾದ ಸಾಕ್ಷ್ಯ ಸಂಸ್ಕೃತದಲ್ಲೇ ಇದೆ.

'ಯುಜ್' ಧಾತುವಿನ ರೂಪ 'ಯುನಕ್ತಿ': ಧಾತುವಿನ ಕೊನೆಯ ವ್ಯಂಜನಕ್ಕೆ ಮುಂಚೆ 'ನ' ಬಂದು ಸೇರಿದೆ. 'ಶ್ರು' ಧಾತುವಿನ ರೂಪ 'ಶೃಣೋತಿ': ಇಲ್ಲಿಯೂ ಕೊನೆಯ ಉಕಾರಕ್ಕೆ ಮುಂಚೆ ಅದೇ 'ನ' ಸೇರಿ, ಎರಡೂ ಕೂಡಿ 'ಣೋ' ಆಗಿದೆ. 'ಪೂ' (ಶುದ್ಧಗೊಳಿಸು) ಧಾತುವಿನ ರೂಪ 'ಪುನಾತಿ'. ಪಾಣಿನೀಯ ಸಂಪ್ರದಾಯ ಇವನ್ನು ಮೂರು ಬೇರೆ ಗಣಗಳಲ್ಲಿ ಇರಿಸಿದೆ. ಸೊಸ್ಯೂರ್ ಮೂರರಲ್ಲೂ ಒಂದೇ ರಚನೆಯನ್ನು ಕಂಡನು. ಹಾಗಿದ್ದರೆ ಪುನಾತಿಯಲ್ಲಿ ನಕಾರದ ಮುಂದೆ ಇದ್ದದ್ದೇನು? ಅಲ್ಲಿ ಯಾವುದೋ ಧ್ವನಿ ಇದ್ದಿರಲೇಬೇಕು. ತಾನು ಅಳಿಯುವಾಗ ಅದು ಹಿಂದಿನ ಹ್ರಸ್ವವನ್ನು ದೀರ್ಘಗೊಳಿಸಿತು. 'ನಾ' ಆದದ್ದೂ ಹಾಗೆ, ಧಾತುವಿನ 'ಪು' 'ಪೂ' ಆದದ್ದೂ ಹಾಗೆ.

'ಶ್ರೋತ್ರ', 'ಪವಿತ್ರ' ಎಂಬ ಪದಗಳನ್ನು ಜೊತೆಗಿಟ್ಟು ನೋಡಿ. ಎರಡರಲ್ಲೂ ಪ್ರತ್ಯಯ 'ತ್ರ'. ಎರಡನೆಯದರಲ್ಲಿ ಮಾತ್ರ ನಡುವೆ ಇಕಾರವಿದೆ. ಇಂಥ ಇಕಾರ ಪಡೆಯುವ ಧಾತುಗಳನ್ನು ವೈಯಾಕರಣರು 'ಸೇಟ್' ಎಂದರು, ಪಡೆಯದವನ್ನು 'ಅನಿಟ್' ಎಂದರು. ಆ ಇಕಾರವೂ ಅಳಿದ ಧ್ವನಿಯ ಕುರುಹೇ. ಪಾಣಿನಿ ಅಷ್ಟು ನಿಖರವಾಗಿ ದಾಖಲಿಸಿದ ವ್ಯತ್ಯಾಸಕ್ಕೆ ಸೊಸ್ಯೂರ್ ಚಾರಿತ್ರಿಕ ಕಾರಣ ಹುಡುಕಿದನು.

ಛಂದಸ್ಸು ಬಲ್ಲವರಿಗೆ ಈ ತರ್ಕ ಹೊಸದೆನಿಸದು. ಒತ್ತಕ್ಷರದ ಹಿಂದಿನ ಹ್ರಸ್ವವೂ ಗುರು, ದೀರ್ಘವೂ ಗುರು. ಎರಡಕ್ಕೂ ಎರಡೇ ಮಾತ್ರೆ. ಅಕ್ಷರವನ್ನು ಮುಚ್ಚುತ್ತಿದ್ದ ಧ್ವನಿ ಹೋದರೂ ಅದರ ಮಾತ್ರೆಯನ್ನು ಸ್ವರ ವಹಿಸಿಕೊಂಡಿತು.

ಆದರೆ ಅಂಥ ಧ್ವನಿಯನ್ನು ಆಗ ತಿಳಿದಿದ್ದ ಯಾವ ಸೋದರಭಾಷೆಯಲ್ಲೂ ಯಾರೂ ಗುರುತಿಸಿರಲಿಲ್ಲ. ಡೆನ್ಮಾರ್ಕಿನ ಹರ್ಮನ್ ಮೊಲ್ಲರ್‌ನಂಥ ಕೆಲವರು ವಾದವನ್ನು ಮುಂದುವರಿಸಿದರು. ಹೆಚ್ಚಿನ ವಿದ್ವಾಂಸರು ಒಪ್ಪಲಿಲ್ಲ. 1906ರಲ್ಲಿ ತುರ್ಕಿಯ ಬೊಘಾಜ್‌ಕೊಯ್‌ನಲ್ಲಿ ಹ್ಯೂಗೊ ವಿಂಕ್ಲರ್ ಉತ್ಖನನ ಆರಂಭಿಸಿ ಹಿಟ್ಟೈಟರ ಮಣ್ಣಿನ ಫಲಕಗಳ ರಾಶಿಯನ್ನೇ ಹೊರತೆಗೆದನು. ಆ ಭಾಷೆ ಇಂಡೋ-ಯುರೋಪಿಯನ್ ಎಂದು ಬೆದ್ರಿಖ್ ಹ್ರೋಜ್ನಿ ಸಾರಿದ್ದು 1915ರಲ್ಲಿ. 1927ರಲ್ಲಿ ಪೋಲೆಂಡಿನ ಯೆಜಿ ಕುರಿವೋವಿಚ್ ಅದರ ಒಂದು ಹಕಾರದತ್ತ ಬೆರಳು ತೋರಿದನು. ಸ್ತೋತ್ರಗಳಲ್ಲಿ ನಾವು ಕೇಳುವ 'ಪಾತು' ಎಂಬುದರ 'ಪಾ' ಧಾತುವಿಗೆ ಹಿಟ್ಟೈಟಿನಲ್ಲಿ 'ಪಹ್ಸ್'. ಅರ್ಥ ಕಾಪಾಡು ಎಂದೇ. ನಮ್ಮ 'ಅಸ್ಥಿ'ಗೆ ಅಲ್ಲಿ 'ಹಸ್ತಾಯಿ'. ಸೊಸ್ಯೂರ್ ಲೆಕ್ಕ ಹಾಕಿದ್ದ ಧ್ವನಿಗಳ ಗುಂಪಿನದೇ ಕುರುಹು ಅಲ್ಲಿ ಲಿಪಿಯಲ್ಲಿ ಉಳಿದಿತ್ತು.

ಸೊಸ್ಯೂರ್ ತೀರಿಕೊಂಡದ್ದು 1913ರ ಫೆಬ್ರವರಿಯಲ್ಲಿ. ಅವನ ವಾದದ ಸಾಕ್ಷ್ಯ ಅಷ್ಟರಲ್ಲಾಗಲೇ ಮಣ್ಣಿನಿಂದ ಮೇಲೆದ್ದಿತ್ತು. ಅದನ್ನು ಓದಬಲ್ಲವರು ಮಾತ್ರ ಇನ್ನೂ ಇರಲಿಲ್ಲ. 'ಪವಿತ್ರ' ಎಂದು ಉಚ್ಚರಿಸುವಾಗಲೆಲ್ಲ ಈಗ ನನ್ನ ಗಮನ ಆ ಪುಟ್ಟ ಇಕಾರದ ಮೇಲೆ ಒಂದು ಕ್ಷಣ ನಿಲ್ಲುತ್ತದೆ.