ಕಾರ್ಟ್‌ವರೆಗೆ ಬಂದ ಗ್ರಾಹಕ ಹಣ ಕಟ್ಟದೆ ಹೋಗುವುದೇಕೆ? ಆನ್‌ಲೈನ್ ಅಂಗಡಿಯವರಿಗೆ ಗೊತ್ತಿರಬೇಕಾದ ಸಂಗತಿಗಳು

ಪುಣೆ ಬಳಿಯ ನಿಗಡಿಯಲ್ಲಿ ಮನೆಯಿಂದಲೇ ಶೇಂಗಾ ಚಟ್ನಿ, ಕಡಕ್ ರೊಟ್ಟಿ ಮಾರಲು ನೀವೊಂದು ವೆಬ್‌ಸೈಟ್ ಮಾಡಿಸಿದ್ದೀರಿ ಎಂದಿಟ್ಟುಕೊಳ್ಳಿ. ಜನ ಬರುತ್ತಾರೆ, ನೋಡುತ್ತಾರೆ, ನಾಲ್ಕು ಪ್ಯಾಕೆಟ್ ಕಾರ್ಟ್‌ಗೂ ಹಾಕುತ್ತಾರೆ. ಆರ್ಡರ್ ಮಾತ್ರ ಬರುವುದಿಲ್ಲ. ಇದು ನಿಮ್ಮೊಬ್ಬರ ಕಥೆಯಲ್ಲ. ಡೆನ್ಮಾರ್ಕ್‌ನ ಬೇಮಾರ್ಡ್ ಸಂಸ್ಥೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಹಾಕಿರುವ ಲೆಕ್ಕದಂತೆ, ಸುಮಾರು ಶೇ. 70ರಷ್ಟು ಕಾರ್ಟ್‌ಗಳು ಹಣ ಪಾವತಿಯಾಗದೆ ಹಾಗೇ ಉಳಿಯುತ್ತವೆ. ಸುಮ್ಮನೆ ಬೆಲೆ ನೋಡಲು ಬಂದವರನ್ನು ಹಿಡಿಯಲಾಗದು. ಆದರೆ ಕೊಳ್ಳಲೆಂದೇ ಬಂದು ಬೇಸತ್ತು ಹೋದವರನ್ನು ಉಳಿಸಿಕೊಳ್ಳಬಹುದು.

ಕೊನೆಯಲ್ಲಿ ಬರುವ ಲೆಕ್ಕ

ಗ್ರಾಹಕರು ಹೇಳುವ ದೊಡ್ಡ ಕಾರಣ, ಕೊನೆಗೆ ಸೇರುವ ಹೆಚ್ಚುವರಿ ಖರ್ಚು. 200 ರೂ. ಚಟ್ನಿಗೆ ಕಡೇ ಪುಟದಲ್ಲಿ 90 ರೂ. ಕೊರಿಯರ್ ಕಂಡರೆ ಯಾರಿಗಾದರೂ ಮೋಸ ಹೋದಂತೆ ಅನಿಸುತ್ತದೆ. ಹಾಗಾಗಿ ಕಾರ್ಟ್ ಪುಟದಲ್ಲೇ ಪಿನ್ ಕೋಡ್ ಕೇಳಿ. ಸಾಗಣೆ ವೆಚ್ಚ, ತೆರಿಗೆ, ತಲುಪುವ ದಿನ ಎಲ್ಲವನ್ನೂ ಅಲ್ಲೇ ತೋರಿಸಿ.

ಇದು ಬರೀ ಸೌಜನ್ಯದ ಮಾತಲ್ಲ, ಕಾನೂನೂ ಹೌದು. 2020ರ ಗ್ರಾಹಕ ರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ ಒಟ್ಟು ಬೆಲೆಯನ್ನು ವಿವರಸಹಿತ ತೋರಿಸಬೇಕು. ಮೊದಲೇ ಟಿಕ್ ಹಾಕಿಟ್ಟ ಬಾಕ್ಸ್ ಮೂಲಕ ಒಪ್ಪಿಗೆ ಪಡೆಯುವಂತಿಲ್ಲ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 13 ಬಗೆಯ 'ಡಾರ್ಕ್ ಪ್ಯಾಟರ್ನ್'ಗಳನ್ನು ನಿಷೇಧಿಸಿತು. ಗ್ರಾಹಕನಿಗೆ ತಿಳಿಯದಂತೆ ಕಾರ್ಟ್‌ಗೆ ದೇಣಿಗೆಯನ್ನೋ ವಿಮೆಯನ್ನೋ ಸೇರಿಸುವುದು, ಬೆಲೆಯನ್ನು ಹಂತಹಂತವಾಗಿ ಬಿಚ್ಚುವುದು, 'ಇನ್ನು ಎರಡೇ ಉಳಿದಿವೆ' ಎಂದು ಸುಳ್ಳು ಅವಸರ ಹುಟ್ಟಿಸುವುದು ಎಲ್ಲವೂ ಅದರಲ್ಲಿವೆ. ದೊಡ್ಡ ಕಂಪನಿಗಳಿಗಷ್ಟೇ ಎಂದುಕೊಳ್ಳಬೇಡಿ, ಮಾರಾಟಗಾರರಿಗೂ ಇದು ಅನ್ವಯಿಸುತ್ತದೆ.

ಕೂಪನ್ ಬಾಕ್ಸ್ ಬಗ್ಗೆ ಒಂದು ಮಾತು. ಅದನ್ನು ಕಣ್ಣಿಗೆ ರಾಚುವಂತೆ ಇಟ್ಟರೆ, ಕೂಪನ್ ಇಲ್ಲದವರು ಅದನ್ನು ಹುಡುಕಲು ಗೂಗಲ್‌ಗೆ ಹೋಗುತ್ತಾರೆ. ಹೋದವರೆಲ್ಲ ವಾಪಸ್ ಬರುವುದಿಲ್ಲ. ಚಿಕ್ಕ ಲಿಂಕ್ ಸಾಕು.

ಖಾತೆ ಬೇಡ, ವಿಳಾಸ ಸಾಕು

ಒಂದು ಪ್ಯಾಕೆಟ್ ರೊಟ್ಟಿಗೆ ಖಾತೆ ತೆರೆದು ಪಾಸ್‌ವರ್ಡ್ ಇಟ್ಟುಕೊಳ್ಳಲು ಯಾರಿಗೂ ಪುರುಸೊತ್ತಿಲ್ಲ. ಮೊಬೈಲ್ ನಂಬರ್, ವಿಳಾಸ ತೆಗೆದುಕೊಂಡು ಆರ್ಡರ್ ಮುಗಿಸಿಬಿಡಿ. ಖಾತೆ ಬೇಕೇ ಎಂದು ಆಮೇಲೆ ಕೇಳಬಹುದು. ವೂಕಾಮರ್ಸ್‌ನಂತಹ ತಂತ್ರಾಂಶಗಳಲ್ಲಿ ಇದಕ್ಕೆ ಸೆಟ್ಟಿಂಗ್ ಇದೆ.

ವಿಳಾಸದ ಫಾರಂ ಇನ್ನೊಂದು ತಲೆನೋವು. ವಿದೇಶಿ ಥೀಮ್‌ಗಳು ಬೀದಿಯ ಹೆಸರು ಕೇಳುತ್ತವೆ. ನಿಗಡಿ ಪ್ರಾಧಿಕರಣದಲ್ಲಿ ಜನ ಬರೆಯುವುದು ಸೆಕ್ಟರ್, ಪ್ಲಾಟ್ ನಂಬರ್, ಜೊತೆಗೆ ಭಕ್ತಿ-ಶಕ್ತಿ ಚೌಕದ ಹತ್ತಿರ ಎಂಬ ಗುರುತು. ಹಾಗಾಗಿ ಲ್ಯಾಂಡ್‌ಮಾರ್ಕ್‌ಗೆ ಜಾಗ ಕೊಡಿ. 411044 ಎಂದು ಒತ್ತಿದ ಕೂಡಲೇ ಊರು, ರಾಜ್ಯ ತಾನಾಗಿ ತುಂಬಲಿ, ಆದರೆ ತಿದ್ದಲು ಬರಲಿ. ಒಬ್ಬರು ಪುಣೆ ಎನ್ನುತ್ತಾರೆ, ಇನ್ನೊಬ್ಬರು ಪಿಂಪ್ರಿ-ಚಿಂಚವಾಡ ಎನ್ನುತ್ತಾರೆ. ಪಿನ್, ಫೋನ್ ನಂಬರ್‌ಗೆ ಅಂಕಿಗಳ ಕೀಪ್ಯಾಡ್ ತೆರೆಯಬೇಕು. ತಪ್ಪಾದರೆ ಆ ಸಾಲಿನ ಕೆಳಗೇ ಹೇಳಿ; ತುಂಬಿದ್ದನ್ನೆಲ್ಲ ಅಳಿಸಿಹಾಕುವ ಫಾರಂಗಿಂತ ಕೆಟ್ಟದ್ದು ಬೇರೊಂದಿಲ್ಲ.

ಹಣ ಕಟ್ಟುವಾಗ

ಅಮೆಜಾನ್ 1999ರಲ್ಲಿ ಒಂದೇ ಕ್ಲಿಕ್ ಖರೀದಿಗೆ ಪೇಟೆಂಟ್ ಪಡೆದಿತ್ತು. 2017ರಲ್ಲಿ ಅದರ ಅವಧಿ ಮುಗಿದಿದೆ. ಆದರೂ ನಮ್ಮಲ್ಲಿ ಕಾರ್ಡ್‌ಗೆ ಸಾಮಾನ್ಯವಾಗಿ ಒಟಿಪಿ ಬೇಕು. 2022ರ ಅಕ್ಟೋಬರ್‌ನಿಂದ ಅಂಗಡಿಯವರು ಕಾರ್ಡ್ ನಂಬರ್ ಉಳಿಸಿಕೊಳ್ಳುವಂತೆಯೂ ಇಲ್ಲ, ಟೋಕನ್ ಮಾತ್ರ. ಹೀಗಾಗಿ ಯುಪಿಐ ಮೇಲಿರಲಿ. ಮೊಬೈಲ್‌ನಲ್ಲಿ ಒತ್ತಿದರೆ ನೇರ ಆ್ಯಪ್ ತೆರೆಯಲಿ, ಕಂಪ್ಯೂಟರ್‌ನಲ್ಲಿ ಕ್ಯೂಆರ್ ಕೋಡ್ ಬರಲಿ. ಪಾವತಿ ವಿಫಲವಾದರೆ ಕಾರ್ಟ್ ಖಾಲಿಯಾಗಬಾರದು. ಹಣ ಕಡಿತವಾಗಿ ಆರ್ಡರ್ ಬೀಳದಿದ್ದರೆ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು ಎಂಬುದು ಅದೇ ಪುಟದಲ್ಲಿರಲಿ.

ಭಾಷೆಯನ್ನೂ ಮರೆಯಬೇಡಿ. ಫ್ಲಿಪ್‌ಕಾರ್ಟ್, ಅಮೆಜಾನ್ ಎರಡೂ 2020ರಲ್ಲಿ ಕನ್ನಡಕ್ಕೆ ಬಂದವು. ನಿಗಡಿಯ ಅಂಗಡಿಗೆ ಮರಾಠಿಯೂ ಬೇಕಾದೀತು. ಬಟನ್ ಮೇಲೆ 'ಮುಂದುವರಿಯಿರಿ' ಎನ್ನುವ ಬದಲು '290 ರೂ. ಪಾವತಿಸಿ' ಎಂದು ಬರೆದರೆ ಅನುಮಾನವೇ ಉಳಿಯದು.

ಇಷ್ಟೆಲ್ಲ ಮಾಡಿದ ಮೇಲೆ ನಿಮ್ಮ ವೆಬ್‌ಸೈಟ್ ಒಮ್ಮೆಯೂ ನೋಡದ ಪಕ್ಕದ ಮನೆಯವರಿಗೆ, ಅವರದೇ ಫೋನ್‌ನಲ್ಲಿ, ಒಂದು ಪ್ಯಾಕೆಟ್ ತರಿಸಲು ಹೇಳಿ. ಬಾಯಿ ಬಿಡದೆ ನೋಡುತ್ತಾ ಕುಳಿತುಕೊಳ್ಳಿ. ಅವರ ಬೆರಳು ಎಲ್ಲಿ ನಿಲ್ಲುತ್ತದೋ, ರಿಪೇರಿ ಅಲ್ಲಿಂದ ಶುರು ಮಾಡಿ.