ಗೆಲಾಕ್ಸಿಯ ನಟ್ಟನಡುವಿನ ಎಳೆ ನಕ್ಷತ್ರಗಳು: ಕಾಣದ್ದನ್ನು ಎಣಿಸೋದು ಹೇಗೆ?

ಜೂನ್-ಜುಲೈನಲ್ಲಿ ಮೋಡ ಸರಿದ ರಾತ್ರಿ, ಪೆರೇಸಂದ್ರದ ಹೆದ್ದಾರಿ ದೀಪಗಳಿಂದ ದೂರ ಹೋಗಿ ದಕ್ಷಿಣಕ್ಕೆ ನೋಡಿ. ವೃಶ್ಚಿಕದ ಬಾಲದ ಎಡಕ್ಕೆ, ಧನು ರಾಶಿಯ ಅಂಚಿನಲ್ಲಿ ನಮ್ಮ ಗೆಲಾಕ್ಸಿಯ ಕೇಂದ್ರವಿದೆ. ದೂರ ಸುಮಾರು 26,000 ಜ್ಯೋತಿರ್ವರ್ಷ. ನನಗೆ ಅಲ್ಲಿ ಕಂಡದ್ದು ಬರೀ ಕತ್ತಲು. ಹಾಗಂತ ಅಲ್ಲೇನೂ ಇಲ್ಲ ಅಂದುಕೊಂಡರೆ ತಪ್ಪು.

ಯಾಕೆ ಕಾಣೋದಿಲ್ಲ?

ನಡುವೆ ಧೂಳು. ಅಲ್ಲಿಂದ ಹೊರಟ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಸುಮಾರು ಲಕ್ಷ ಕೋಟಿಗೆ ಒಂದು ಪಾಲು ಮಾತ್ರ ನಮ್ಮನ್ನು ತಲುಪುತ್ತೆ. ಇನ್‌ಫ್ರಾರೆಡ್ ಬೆಳಕಿಗೆ ಈ ಧೂಳು ಅಷ್ಟು ಅಡ್ಡಿಯಲ್ಲ. 1990ರ ದಶಕದಲ್ಲಿ ಅದೇ ಬೆಳಕಿನಲ್ಲಿ ನೋಡಿದಾಗ ಸಿಕ್ಕಿದ್ದು ಕ್ವಿಂಟಪ್ಲೆಟ್ ಮತ್ತು ಆರ್ಚಸ್ ಎಂಬ ಎರಡು ಗುಂಪು. ಎರಡರ ವಯಸ್ಸೂ ಕೆಲವೇ ಹತ್ತು ಲಕ್ಷ ವರ್ಷ. ನಮ್ಮ ಸೂರ್ಯನಿಗೆ ಸುಮಾರು 460 ಕೋಟಿ ವರ್ಷ!

ಗುಂಪು ಯಾಕೆ ಬಾಳೋದಿಲ್ಲ?

ಕೃತ್ತಿಕೆಯ ನಕ್ಷತ್ರಗಳು ಹುಟ್ಟಿ ಸುಮಾರು 10 ಕೋಟಿ ವರ್ಷವಾದರೂ ಇನ್ನೂ ಒಟ್ಟಿಗಿವೆ. ಕೇಂದ್ರದ ಹತ್ತಿರ ಆ ಪುಣ್ಯವಿಲ್ಲ. ಗುಂಪಿನ ಒಳಮಗ್ಗುಲನ್ನು ಗುರುತ್ವ ಜೋರಾಗಿ ಎಳೆಯುತ್ತೆ, ಹೊರಮಗ್ಗುಲನ್ನು ಕಡಿಮೆ. ಈ ಎಳೆದಾಟದಲ್ಲಿ ಗುಂಪು ಉದ್ದಕ್ಕೆ ಹಿಗ್ಗಿ ಚದುರಿ, ಸುತ್ತಲ ಹಳೆಯ ನಕ್ಷತ್ರಗಳ ಸಂದಣಿಯಲ್ಲಿ ಕರಗಿಹೋಗುತ್ತೆ.

ಹಾಗಾದರೆ ಪತ್ತೆ ಹೇಗೆ?

ಎಂಜಿನಿಯರಿಂಗ್‌ನಲ್ಲಿ ನಾವು ಓದಿದ್ದ ಸಿಗ್ನಲ್ ಮತ್ತು ನಾಯ್ಸ್ ಸಮಸ್ಯೆಯೇ ಇದು. ಜಾತ್ರೆಯಲ್ಲಿ ಒಂದೇ ಊರಿನವರನ್ನು ಗುರುತಿಸಬೇಕಾದರೆ ಮುಖ ನೋಡಿದರೆ ಸಾಲದು, ಯಾರು ಯಾರ ಜೊತೆ ಹೆಜ್ಜೆ ಹಾಕ್ತಿದ್ದಾರೆ ನೋಡಬೇಕು. ಖಗೋಳಿಗಳೂ ವರ್ಷಗಳ ಅಂತರದಲ್ಲಿ ಚಿತ್ರ ತೆಗೆದು, ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ ಸಾಗುವ ನಕ್ಷತ್ರಗಳನ್ನು ಹೆಕ್ಕುತ್ತಾರೆ.

ಗೌರಿಬಿದನೂರಿಗೇನು ಸಂಬಂಧ?

ಪೆರೇಸಂದ್ರದ ಪಶ್ಚಿಮಕ್ಕಿರುವ ಗೌರಿಬಿದನೂರಿನಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1976ರಲ್ಲಿ ರೇಡಿಯೋ ವೀಕ್ಷಣಾಲಯ ಕಟ್ಟಿದವು. 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ನಕ್ಷೆ ತಯಾರಾದದ್ದು ಇಲ್ಲೇ. ಎಳೆಯ, ಬಿಸಿ ನಕ್ಷತ್ರಗಳು ಸುತ್ತಲಿನ ಅನಿಲವನ್ನು ಅಯಾನೀಕರಿಸುತ್ತವೆ. ಈ ತರಂಗಗಳಲ್ಲಿ ಆ ಅನಿಲ ಹಿಂದಿನ ರೇಡಿಯೋ ಹೊಳಪನ್ನು ಹೀರಿ, ನೆರಳಾಗಿ ಕಾಣಬಲ್ಲದು. ಆರ್ಚಸ್‌ನಂಥ ಪುಟ್ಟ ಗುಂಪನ್ನು ಬಿಡಿಸಿ ತೋರಿಸುವಷ್ಟು ಸೂಕ್ಷ್ಮ ನೋಟ ಆ ದೂರದರ್ಶಕಕ್ಕಿರಲಿಲ್ಲ. ಆದರೆ ಒಂದು ಕಣ್ಣಿಗೆ ಕಾಣದ್ದು ಇನ್ನೊಂದಕ್ಕೆ ಕಾಣುತ್ತೆ ಅನ್ನೋ ಪಾಠ ನಮ್ಮ ಜಿಲ್ಲೆಯಲ್ಲೇ ಇದೆ.

ಕಂಡ ಗುಂಪುಗಳನ್ನಷ್ಟೇ ಎಣಿಸಿದರೆ, ಗೆಲಾಕ್ಸಿಯ ನಡುವೆ ಹುಟ್ಟಿದ ನಕ್ಷತ್ರಗಳ ಲೆಕ್ಕ ಕಡಿಮೆ ಬರುತ್ತೆ. ಚದುರಿದವು ಪಟ್ಟಿಯಲ್ಲಿರೋದಿಲ್ಲ, ಆದರೆ ಅಲ್ಲೇ ಇರ್ತವೆ. ನಾಳೆ ಯಾರಾದರೂ ಯಾವುದೇ ಪಟ್ಟಿ ತೋರಿಸಿ ‘ಇಷ್ಟೇ’ ಅಂದಾಗ ಕೇಳಿ: ಯಾವ ಕಣ್ಣಿನಿಂದ ಎಣಿಸಿದಿರಿ?