ಸೊಂಟಭಾಗದ ಬೆನ್ನುಮೂಳೆಗೆ ಎಂಡೋಸ್ಕೋಪಿ ಶಸ್ತ್ರಚಿಕಿತ್ಸೆ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ
ಕಡಹಿನಬೈಲು ಸೇರಿದಂತೆ ಕೊಪ್ಪ, ಶೃಂಗೇರಿ ಹಾಗೂ ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಅಡಿಕೆ, ಕಾಫಿ ಮತ್ತು ಭತ್ತದ ಕೃಷಿ ಪ್ರಮುಖವಾದುದು. ಬಗ್ಗಿ ದುಡಿಯುವ, ಭಾರ ಹೊರುವ ಜನರಲ್ಲಿ ಸೊಂಟನೋವು ಸಾಮಾನ್ಯ. ಈ ಸಂಬಂಧ ಲಭ್ಯವಿರುವ ಚಿಕಿತ್ಸೆ ಹಾಗೂ ಸರ್ಕಾರದ ನೆರವಿನ ವಿವರಗಳನ್ನು ಇಲ್ಲಿ ನೀಡಲಾಗಿದೆ.

ತೊಂದರೆಯ ಸ್ವರೂಪ
ಬೆನ್ನುಮೂಳೆಗಳ ನಡುವಿನ ಮೆತ್ತೆಯಂತಹ ಡಿಸ್ಕ್ ಹೊರಚಾಚಿ ನರವನ್ನು ಒತ್ತಿದಾಗ ನೋವು ಪೃಷ್ಠದಿಂದ ಕಾಲಿನವರೆಗೆ ಹರಿಯುತ್ತದೆ. ಇದನ್ನು ಸಯಾಟಿಕಾ ಎನ್ನುವರು. ಬಹುಪಾಲು ರೋಗಿಗಳು ಔಷಧ, ವ್ಯಾಯಾಮ ಮತ್ತು ಫಿಸಿಯೋಥೆರಪಿಯಿಂದ 6ರಿಂದ 12 ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದುದರಿಂದ ಎಂ.ಆರ್.ಐ. ಚಿತ್ರದಲ್ಲಿ ಡಿಸ್ಕ್ ಉಬ್ಬು ಕಂಡ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ಅಗತ್ಯವಾಗುವುದಿಲ್ಲ.

ಚಿಕಿತ್ಸೆಯ ವಿಧಾನ
ಸುಮಾರು 8ರಿಂದ 10 ಮಿ.ಮೀ. ಗಾಯದ ಮೂಲಕ ಕ್ಯಾಮೆರಾವುಳ್ಳ ಸಪೂರ ನಳಿಕೆಯನ್ನು ಒಳಸೇರಿಸಿ, ನರವನ್ನು ಒತ್ತುತ್ತಿರುವ ಡಿಸ್ಕ್ ಭಾಗವನ್ನು ತೆಗೆಯಲಾಗುತ್ತದೆ. ಸ್ನಾಯುಗಳಿಗೆ ಹಾನಿ ಕಡಿಮೆ. ಹಲವರು ಅದೇ ದಿನ ಅಥವಾ ಮರುದಿನ ಮನೆಗೆ ತೆರಳಬಹುದು. 2022ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ನೆದರ್ಲೆಂಡ್ಸ್ ಅಧ್ಯಯನದಂತೆ, ಒಂದು ವರ್ಷದ ನಂತರ ಕಾಲುನೋವಿನ ಉಪಶಮನದಲ್ಲಿ ಇದು ತೆರೆದ ಶಸ್ತ್ರಚಿಕಿತ್ಸೆಗಿಂತ ಕಡಿಮೆಯಾದುದಲ್ಲ. ಆದರೆ ನರಕ್ಕೆ ಪೆಟ್ಟು, ಸೋಂಕು, ಡಿಸ್ಕ್ ಮತ್ತೆ ಹೊರಚಾಚುವಿಕೆ ಮುಂತಾದ ಅಪಾಯಗಳು ಇದರಲ್ಲಿಯೂ ಇವೆ. ಕೇವಲ ಸೊಂಟನೋವಿದ್ದು ನರದ ಒತ್ತಡವಿಲ್ಲದವರಿಗೆ ಇದರಿಂದ ಸಾಮಾನ್ಯವಾಗಿ ಪ್ರಯೋಜನವಾಗದು.

ತಡಮಾಡಬಾರದ ಲಕ್ಷಣಗಳು
ಮೂತ್ರ ಕಟ್ಟುವುದು, ಮಲಮೂತ್ರದ ಮೇಲೆ ಹತೋಟಿ ತಪ್ಪುವುದು, ತೊಡೆಸಂದಿ ಅಥವಾ ಗುದದ್ವಾರದ ಸುತ್ತ ಸ್ಪರ್ಶಜ್ಞಾನ ಕುಂದುವುದು, ಕಾಲಿನ ಬಲ ಶೀಘ್ರವಾಗಿ ಕ್ಷೀಣಿಸುವುದು: ಇವು ತುರ್ತು ಸ್ಥಿತಿಯ ಲಕ್ಷಣಗಳು. ವಿಳಂಬವಾದಲ್ಲಿ ಶಾಶ್ವತ ಹಾನಿಯಾಗಬಹುದು. ಕೂಡಲೇ 108 ಆಂಬುಲೆನ್ಸ್‌ಗೆ ಕರೆ ಮಾಡತಕ್ಕದ್ದು. ಇಂತಹ ಸಂದರ್ಭದಲ್ಲಿ ಮಾಲೀಸು, ಎಳೆತ ಮುಂತಾದವುಗಳಿಗೆ ಕಾಲಹರಣ ಮಾಡಬಾರದು.

ಸರ್ಕಾರದ ನೆರವು
2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ಗಳವರೆಗೆ ಚಿಕಿತ್ಸಾ ನೆರವಿದೆ. ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.50 ಲಕ್ಷ ರೂ. ಮಿತಿಯಲ್ಲಿ ನೀಡಲಾಗುತ್ತದೆ.

ಅನುಸರಿಸಬೇಕಾದ ಕ್ರಮ
1. ಆಧಾರ್ ಹಾಗೂ ಪಡಿತರ ಚೀಟಿಯೊಂದಿಗೆ ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳುವುದು.
2. ಅಗತ್ಯ ಚಿಕಿತ್ಸೆ ಅಲ್ಲಿ ಲಭ್ಯವಿಲ್ಲದಿದ್ದಲ್ಲಿ ವೈದ್ಯರಿಂದ ಶಿಫಾರಸು ಪತ್ರ ಪಡೆಯುವುದು. ತುರ್ತು ಸ್ಥಿತಿಯಲ್ಲಿ ಈ ಪತ್ರ ಅಗತ್ಯವಿಲ್ಲ.
3. ಸೂಚಿಸಿದ ಚಿಕಿತ್ಸೆಯು ಯೋಜನೆಯ ಪಟ್ಟಿಯಲ್ಲಿದೆಯೇ ಎಂಬುದನ್ನು ದಾಖಲಾಗುವ ಮುನ್ನವೇ ನೋಂದಾಯಿತ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಖಚಿತಪಡಿಸಿಕೊಳ್ಳುವುದು.
4. ಶಸ್ತ್ರಚಿಕಿತ್ಸೆಯ ಅಗತ್ಯ, ಪರ್ಯಾಯ ಹಾಗೂ ಅಪಾಯಗಳನ್ನು ಕೇಳಿ ತಿಳಿದ ನಂತರವೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದು.

ಹೆಚ್ಚಿನ ಮಾಹಿತಿಗೆ ಸಹಾಯವಾಣಿ 14555ಕ್ಕೆ ಕರೆ ಮಾಡಬಹುದು. ಸಾರ್ವಜನಿಕರು ಈ ಸೌಲಭ್ಯದ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.